ಕಣ್ಣೀರಿನ ಭಾಷೆ ತಿಳಿಯದವರಿಗೆ ಲೈಸೆನ್ಸು ಯಾಕೆ?

ಕನ್ನಡದ ಯುವಕ ಯುವತಿಯರೇ,

ನಮ್ಮ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಮೀರಜ್ ದೂರವೇನಲ್ಲ. ಬೆಳಗಾವಿ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳು ಮುತ್ತು ಕಟ್ಟಿಸಿಕೊಂಡು ಈ ದಾರಿಯಲ್ಲೇ ಸಾಂಗ್ಲಿ, ಪುಣೆ, ಮುಂಬೈಗಳ ಓಣಿ ಸೇರಿದರು. 1982ರಲ್ಲಿ ಇಡೀ ನಾಡು ಗೋಕಾಕ್ ವರದಿಗಾಗಿ ಬೀದಿಗಿಳಿದಿತ್ತು. ದೇವದಾಸಿ ಸಮರ್ಪಣೆ ನಿಷೇಧದ ಕಾಯ್ದೆಯೂ ಅದೇ 1982ರದು. ಕಾಯ್ದೆ ಬಂತು, ರೈಲು ನಿಲ್ಲಲಿಲ್ಲ!

ಗಡಿಯಾಚೆ ನಮ್ಮ ಹುಡುಗಿಯೊಬ್ಬಳು ಸಿಕ್ಕಳು ಅನ್ನಿ. 2015ರ ಬಾಲನ್ಯಾಯ ಕಾಯ್ದೆಯಂತೆ ವಿಚಾರಣೆ, ಸಾಮಾಜಿಕ ತನಿಖಾ ವರದಿ, ತವರು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಜೊತೆ ಸಮಾಲೋಚನೆ ಎಲ್ಲ ಆಗಬೇಕು. ಆದರೆ ಆ ಮಗುವಿನ ಮುಂದೆ ಕೂತು 'ಏನಾತವ್ವ?' ಎಂದು ಕೇಳುವವರು ಯಾರು?

ವಕೀಲನಿಗೆ 1961ರ ಕಾಯ್ದೆಯಿಂದ ಬಾರ್ ಕೌನ್ಸಿಲ್ ಉಂಟು, ವೈದ್ಯನಿಗೆ ವೈದ್ಯಕೀಯ ಕೌನ್ಸಿಲ್ ಉಂಟು. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು 2021ರ ಸಹವೈದ್ಯಕೀಯ ವೃತ್ತಿಗಳ ಕಾಯ್ದೆ ಪಟ್ಟಿಗೆ ಸೇರಿಸಿತು. ಅದರಲ್ಲಿ ರಾಜ್ಯ ರಿಜಿಸ್ಟರು, ಕೇಂದ್ರ ರಿಜಿಸ್ಟರು ಎರಡೂ ಇವೆ. ಬಾಲಮಂದಿರದಲ್ಲಿ, ಕೇರಿಯಲ್ಲಿ ದುಡಿಯುವ ಎಂ.ಎಸ್.ಡಬ್ಲ್ಯು. ಓದಿದವರಿಗೆ ಅಂಥ ಕೌನ್ಸಿಲ್ಲೇ ಇಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಲೈಸೆನ್ಸು. ಗಡಿ ದಾಟುವ ತೊಡಕು ತಪ್ಪಿಸಲು ರಾಜ್ಯಗಳೇ ಈಗ ಒಪ್ಪಂದ ಮಾಡಿಕೊಳ್ಳುತ್ತಿವೆ. ನಮ್ಮಲ್ಲೂ ಲೈಸೆನ್ಸು ಬರಲಿ, ಗಡಿಯನ್ನೂ ದಾಟಲಿ. ಆದರೆ ಭಾಷೆ ಬಿಟ್ಟು ಬರುವ ಲೈಸೆನ್ಸು ನಮಗೆ ಬೇಡ!

ಮುರಿದ ಕಾಲಿನ ಎಕ್ಸ್‌ರೇಗೆ ಭಾಷೆ ಬೇಡ. ಮುರಿದ ಮನಸ್ಸಿಗೆ ಎಕ್ಸ್‌ರೇ ಇಲ್ಲ ಸ್ವಾಮಿ, ಮಾತೇ ಬೇಕು.

ನನ್ನದೂ ಒಂದು ತಪ್ಪುಂಟು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕಿಗೆ ನುಗ್ಗಿದ ಮೇಲೆ ಸಂಸ್ಥೆಯೊಂದು ಸಂತ್ರಸ್ತರ ಸರ್ವೆ ಫಾರಂ ಛಾಪಿಸಲು ನನ್ನ ಪ್ರೆಸ್ಸಿಗೆ ಬಂತು. ಬರೀ ಹಿಂದಿ, ಇಂಗ್ಲಿಷ್! 'ಕನ್ನಡ ಜೋಡಿಸಿಕೊಡುತ್ತೇನೆ, ದುಡ್ಡು ಬೇಡ' ಎಂದೆ. 'ಮೇಲಿಂದ ಬಂದದ್ದು, ಹಾಗೇ ಹೊಡೀರಿ' ಎಂದರು. ಹೊಟ್ಟೆಪಾಡು, ಹೊಡೆದುಕೊಟ್ಟೆ. ಮನೆ ಕಳೆದುಕೊಂಡ ಮುದುಕಿ ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದನ್ನು ಕಣ್ಣಾರೆ ಕಂಡೆ. ಇನ್ನು ಹಾಗೆ ಹೊಡೆಯಲಾರೆ.

ನಮ್ಮ ಬೇಡಿಕೆ ಮೂರು:

1. ಕರ್ನಾಟಕದಲ್ಲಿ ಸಮಾಜ ಕಾರ್ಯಕರ್ತರ ನೋಂದಣಿಗೆ ಕನ್ನಡದಲ್ಲಿ ಮಾತಾಡುವ, ಬರೆಯುವ ಪರೀಕ್ಷೆ ಕಡ್ಡಾಯವಾಗಲಿ. ಹೊರಗಿನವರಿಗೆ ಕಲಿಯಲು ಕಾಲಾವಕಾಶ ಕೊಡಿ, ವಿನಾಯಿತಿ ಬೇಡ.

2. ನಮ್ಮವರು ಸಾಂಗ್ಲಿಗೆ ಹೋದರೆ ಮರಾಠಿ ಕಲಿಯಲಿ. ನಾವು ಕೇಳುವ ನ್ಯಾಯ ಅವರಿಗೂ ಸಲ್ಲಬೇಕು.

3. ಜತ್ತ, ಅಕ್ಕಲಕೋಟೆಗಳ ಕನ್ನಡ ಹಳ್ಳಿಗಳಿಗೆ, ಗಡಿಯಾಚೆ ಸಿಕ್ಕ ನಮ್ಮ ಮಕ್ಕಳಿಗೆ ಕನ್ನಡ ಬಲ್ಲ ಕಾರ್ಯಕರ್ತರು ಸಿಗುವಂತೆ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಳ್ಳಲಿ.

ಬೆಂಗಳೂರಿನ ಕಾಲೇಜುಗಳಲ್ಲಿ ಸಮಾಜಕಾರ್ಯ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಬರೀ ಬೋರ್ಡಿಗೆ ಮಸಿ ಬಳಿದರೆ ಕನ್ನಡ ಉಳಿಯದು. ಅಳುವವಳ ಪಕ್ಕದಲ್ಲಿ ಕನ್ನಡ ಕೂತಿರಬೇಕು. ಆ ಕುರ್ಚಿ ನಿಮ್ಮದು, ಹೋಗಿ ಕೂಡ್ರಿ!

ಸಿರಿಗನ್ನಡಂ ಗೆಲ್ಗೆ!