ಎರಡು ತಂತಿಗಳ ನಡುವೆ ಕಾಣೆಯಾಗುವ ನೀರು

ಕಾರ್ಖಾನೆಯ ತ್ಯಾಜ್ಯನೀರಿನ ಕೊಳವೆಗೆ ಹರಿವುಮಾಪಕ ಕೂರಿಸಿದೆ, ಅದರ ಅಂಕಿ ನೇರವಾಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಲುಪುತ್ತಿದೆ, ಇನ್ನು ಅನುಮಾನವೇಕೆ? ಹೊಳೆದಂಡೆಯ ಜನ ಪ್ರಶ್ನೆ ಎತ್ತಿದಾಗಲೆಲ್ಲ ದೊರೆಯುವ ಸಿದ್ಧ ಉತ್ತರವಿದು. ತೀವ್ರ ಮಾಲಿನ್ಯಕಾರಕವೆನಿಸಿದ 17 ವರ್ಗಗಳ ಉದ್ದಿಮೆಗಳು ಆನ್‌ಲೈನ್ ನಿಗಾ ವ್ಯವಸ್ಥೆ ಅಳವಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ನಿರ್ದೇಶಿಸಿದ ಮೇಲಂತೂ ಈ ಉತ್ತರಕ್ಕೆ ಶಾಸನದ ಗತ್ತು ಬಂದಿದೆ. ಆದರೆ ಮಾಪಕ ಅಳೆದದ್ದೇ ಮಂಡಳಿಯ ಪರದೆಯ ಮೇಲೆ ಮೂಡುತ್ತದೆಂದು ಹೇಳಿದವರಾರು?

ಮಾಪಕಕ್ಕೂ ಪರದೆಗೂ ನಡುವೆ ತಂತಿಗಳಿವೆ. ಮಾಪಕವು ಹರಿವನ್ನು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಪ್ರವಾಹವಾಗಿ ಪರಿವರ್ತಿಸಿ, ಎರಡು ತಂತಿಗಳ ಮೂಲಕ ಡೇಟಾ ಲಾಗರ್ ಎಂಬ ಪೆಟ್ಟಿಗೆಗೆ ಕಳುಹಿಸುತ್ತದೆ. 4 ಎಂದರೆ ಶೂನ್ಯ ಹರಿವು, 20 ಎಂದರೆ ಪೂರ್ಣ ಹರಿವು. ಪೂರ್ಣವೆಂದರೆ ಎಷ್ಟು? ಅದನ್ನು ತಂತಿ ಹೇಳದು. ಎರಡೂ ತುದಿಗಳಲ್ಲಿ ಮನುಷ್ಯರೇ ನಮೂದಿಸಬೇಕು. ಮಾಪಕದಲ್ಲಿ ಗಂಟೆಗೆ 200 ಘನ ಮೀಟರ್ ಎಂದೂ ಲಾಗರಿನಲ್ಲಿ 100 ಎಂದೂ ನಮೂದಾಗಿದ್ದರೆ? ಕೊಳವೆಯಲ್ಲಿ 100 ಘನ ಮೀಟರ್ ಹರಿಯುವಾಗ ತಂತಿಯಲ್ಲಿ 12 ಮಿಲಿಆಂಪಿಯರ್ ಸರಿಯಾಗಿಯೇ ಹರಿಯುತ್ತದೆ. ಪರದೆಯ ಮೇಲೆ ಮಾತ್ರ 50 ಎಂದು ಮೂಡುತ್ತದೆ. ಹಗಲಿರುಳು ಹೀಗೆಯೇ ನಡೆದರೆ ದಿನಕ್ಕೆ 12 ಲಕ್ಷ ಲೀಟರ್ ತ್ಯಾಜ್ಯನೀರು ಲೆಕ್ಕದಿಂದ ಮಾಯ. ಮಾಪಕದ ಸೀಲು ಮುರಿದಿಲ್ಲ, ತಂತಿ ತುಂಡಾಗಿಲ್ಲ, ಪ್ರಮಾಣಪತ್ರವೂ ಗೋಡೆಯ ಮೇಲಿದೆ.

ಪಲ್ಸ್ ಔಟ್‌ಪುಟ್ ಇದ್ದರೆ ಈ ತೊಡಕಿಲ್ಲ ಎನ್ನುವವರೂ ಉಂಟು. ನಿಗದಿತ ಪ್ರಮಾಣದ ನೀರು ಹಾದಾಗಲೊಮ್ಮೆ ಒಂದು ಮಿಡಿತ, ಅಷ್ಟೇ. ಆದರೆ ಮಿಡಿತಕ್ಕೆ ಸಾವಿರ ಲೀಟರ್ ಎಂಬಲ್ಲಿ ನೂರು ಎಂದು ಬರೆದರೆ ದಾಖಲಾಗುವುದು ಹತ್ತನೆಯ ಒಂದು ಪಾಲು. ಅನೇಕ ಮಾಪಕಗಳಲ್ಲಿ ಈ ಔಟ್‌ಪುಟ್ ಬರಿಯ ಸ್ವಿಚ್ಚು. ಹೊರಗಿನಿಂದ ವಿದ್ಯುತ್ತನ್ನೂ ರೋಧಕವನ್ನೂ ಜೋಡಿಸದಿದ್ದರೆ ನೀರೆಷ್ಟು ಹರಿದರೂ ಎಣಿಕೆ ಏಳದು.

ಮಲೆನಾಡಿನ ಮಳೆಗಾಲದಲ್ಲಿ ತಂತಿ ಕೂಡಿಸಿದ ಪೆಟ್ಟಿಗೆಗೆ ತೇವ ಹೊಕ್ಕು ಕೊಂಡಿಗಳು ಕಿಲುಬು ಹಿಡಿಯುತ್ತವೆ. ಸಂಪರ್ಕ ಕಡಿದರೆ ಪ್ರವಾಹ ಪೂರ್ತಿ ನಿಲ್ಲುತ್ತದೆ. ಶೂನ್ಯ ಹರಿವಿಗೂ 4 ಮಿಲಿಆಂಪಿಯರ್ ಮೀಸಲಿಟ್ಟದ್ದು, ಸತ್ತ ತಂತಿ ಬೇರೆ ನಿಂತ ನೀರು ಬೇರೆ ಎಂದು ತಿಳಿಯಲೆಂದೇ. 4ಕ್ಕಿಂತ ಕೆಳಗಿನದನ್ನೆಲ್ಲ ಲಾಗರ್ ಶೂನ್ಯ ಹರಿವೆಂದೇ ಬರೆದುಕೊಂಡರೆ ಈ ವಿವೇಕವೆಲ್ಲ ವ್ಯರ್ಥ. ಹೊಳೆ ಕೆಂಪಾಗಿ ತುಂಬಿ ಹರಿಯುವ ಆಷಾಢದಲ್ಲೇ ದಾಖಲೆ ಸ್ವಚ್ಛವಾಗಿರುತ್ತದೆ. ತ್ಯಾಜ್ಯ ಬಿಡಲು ಅದಕ್ಕಿಂತ ಅನುಕೂಲದ ಕಾಲವುಂಟೇ?

ಇದೆಲ್ಲ ಮೋಸವೇ ಆಗಿರಬೇಕಿಲ್ಲ; ಅವಸರದಲ್ಲಿದ್ದ ತಂತ್ರಜ್ಞನ ಮರೆವೂ ಸಾಕು. ಕೆಳಗಿನ ಊರಿನಲ್ಲಿ ಅದೇ ನೀರನ್ನು ಗದ್ದೆಗೆ ಹಾಯಿಸುವವನಿಗೆ ಎರಡೂ ಒಂದೇ.

ಪರೀಕ್ಷೆ ಕಷ್ಟವೂ ಅಲ್ಲ. ಮಾಪಕದ ಬಳಿ ತಂತಿ ಬಿಚ್ಚಿ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಲೂಪ್ ಕ್ಯಾಲಿಬ್ರೇಟರಿನಿಂದ 4, 12, 20 ಮಿಲಿಆಂಪಿಯರ್ ಕೊಟ್ಟರಾಯಿತು. ಮಾಪಕದಲ್ಲಿ ನಮೂದಾದ ಪೂರ್ಣ ಹರಿವಿನ ಶೂನ್ಯ, ಅರ್ಧ, ಪೂರ್ಣ ಅಂಕಿಗಳೇ ಮಂಡಳಿಯ ಪರದೆಯ ಮೇಲೂ ಮೂಡಬೇಕು. ಮಾಪಕದ ಮುಖದ ಮೇಲಿನ ಒಟ್ಟು ಎಣಿಕೆಯನ್ನೂ ಮಂಡಳಿಗೆ ತಲುಪಿದ ಒಟ್ಟು ಎಣಿಕೆಯನ್ನೂ ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯವರೆದುರು ಓದಿ, ಎರಡನ್ನೂ ಪಂಚಾಯಿತಿಯ ಫಲಕದಲ್ಲಿ ಬರೆಯಬೇಕು. ‘ಅದು ತಾಂತ್ರಿಕ ವಿಷಯ, ನಿಮಗೆ ತಿಳಿಯದು’ ಎನ್ನುವ ಅಧಿಕಾರಿಗಳು ಮೊದಲು ಆ ತಂತಿಪೆಟ್ಟಿಗೆಯ ಮುಚ್ಚಳ ತೆರೆದು ನೋಡಲಿ.