ಎನ್.ಆರ್.ಪುರಕ್ಕೂ ರೈಲಿತ್ತು, ಉಳಿಯಲಿಲ್ಲ ಯಾಕೆ?

ಎನ್.ಆರ್.ಪುರ: ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದಿದ್ದು 2013ರ ನವೆಂಬರ್‌ನಲ್ಲಿ. ಆದ್ರೆ ಮಲೆನಾಡಿನ ಮೂಲೆಯ ಎನ್.ಆರ್.ಪುರ ಅದಕ್ಕೂ ಸುಮಾರು ನೂರು ವರ್ಷ ಮೊದಲೇ ರೈಲು ಕಂಡಿತ್ತು ಅಂದ್ರೆ ಈಗಿನ ಹುಡುಗರು ನಂಬೋದು ಕಷ್ಟ.

ಬೀರೂರು-ಶಿವಮೊಗ್ಗ ಮೀಟರ್ ಗೇಜ್ ಮಾರ್ಗ ತರೀಕೆರೆ ಮೇಲೆ ಹೋಗುತ್ತಿತ್ತು. ಅಲ್ಲಿಂದ ಎಡೇಹಳ್ಳಿಗೆ, ಅಂದ್ರೆ ಇವತ್ತಿನ ಎನ್.ಆರ್.ಪುರಕ್ಕೆ, ಮೈಸೂರು ಸಂಸ್ಥಾನ 1910ರ ದಶಕದಲ್ಲಿ ಪುಟ್ಟ ರೈಲು ಹಾಕಿಸಿತು. ಉದ್ದ ಸುಮಾರು 27 ಮೈಲಿ. ಹಳಿಗಳ ನಡುವಿನ ಅಗಲ ಬರೀ 2 ಅಡಿ.

ಇಂಥ ಮಾರ್ಗದ ದೊಡ್ಡ ತೊಂದರೆ ಇರೋದೇ ಈ ಅಗಲದಲ್ಲಿ. ಸಣ್ಣ ಹಳಿಯ ವ್ಯಾಗನ್ ಮೀಟರ್ ಗೇಜ್ ಮೇಲೆ ಓಡಲ್ಲ. ಇಲ್ಲಿ ತುಂಬಿದ ಸರಕನ್ನು ತರೀಕೆರೆಯಲ್ಲಿ ಇಳಿಸಿ ಮತ್ತೆ ತುಂಬಬೇಕು. ಎರಡೆರಡು ಕೂಲಿ, ಎರಡೆರಡು ಸಲ ಕಾಯೋದು. ಲಾರಿಗೆ ಆ ರಗಳೆ ಇಲ್ಲ, ಅಂಗಡಿ ಬಾಗಿಲಿಗೇ ಬರುತ್ತೆ. ಕೆಲವೇ ದಶಕಗಳಲ್ಲಿ ರೈಲು ನಿಂತಿತು, ನಿಲ್ದಾಣವೂ ಹೋಯಿತು.

ಹಳೇ ದಾರಿಗೆ ಮರಳೋದೂ ಸುಲಭವಲ್ಲ. ಎರಡೂ ಊರುಗಳ ನಡುವೆ ಈಗ ಭದ್ರಾ ಹಿನ್ನೀರು, ಹುಲಿ ಮೀಸಲು ಅರಣ್ಯ ಇದೆ. ರೈಲು ಹತ್ತಬೇಕಾದ್ರೆ ತಾಲ್ಲೂಕಿನ ಜನ ಇವತ್ತಿಗೂ ತರೀಕೆರೆಗೋ ಶಿವಮೊಗ್ಗಕ್ಕೋ ಹೋಗಬೇಕು.

ಹಾಗಾಗಿ ಚುನಾವಣೆ ಹೊತ್ತಲ್ಲಿ ಯಾರಾದರೂ ‘ರೈಲು ತರ್ತೀವಿ’ ಅಂದ್ರೆ ವರ್ತಕರು ಮೂರು ಪ್ರಶ್ನೆ ಕೇಳಲೇಬೇಕು: ಯಾವ ಮಾರ್ಗಕ್ಕೆ ಸೇರುತ್ತೆ? ವರ್ಷಪೂರ್ತಿ ಸರಕು ಎಲ್ಲಿಂದ? ಪೇಟೆಗೆ ಹೋಗಿ ಬರೋ ಟೈಮಿಗೆ ರೈಲು ಸಿಗುತ್ತಾ? ಇದಕ್ಕೆ ಉತ್ತರ ಇಲ್ಲದೆ ಕಟ್ಟಿದ ನಿಲ್ದಾಣಕ್ಕೆ ಬೋರ್ಡ್ ಬೀಳಬಹುದು, ಆಯಸ್ಸು ಬೀಳಲ್ಲ.