ಹಳೆ ಟ್ಯೂಬ್‌ಲೈಟಿಗೆ ಸುರಿಯುವ ಹಣ ಗ್ರಂಥಾಲಯಕ್ಕೆ ಬರಲಿ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಪೋಷಕರು, ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಜನಪ್ರತಿನಿಧಿಗಳಲ್ಲಿ ಆರ್.ಎಚ್. ಕ್ಯಾಂಪಿನಿಂದ ಒಂದು ಮನವಿ



ನಮ್ಮ ಮನೆಗಳಿಗೆ ಎಲ್‌ಇಡಿ ಬಂದು ವರ್ಷಗಳಾದವು. 2015ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ‘ಹೊಸ ಬೆಳಕು’ ಯೋಜನೆ ತಂದು 9 ವ್ಯಾಟಿನ ಬಲ್ಬನ್ನು 100 ರೂಪಾಯಿಗೆ ಕೊಡತೊಡಗಿತು. ಕೇಂದ್ರದ ಉಜಾಲಾ ಯೋಜನೆಯಲ್ಲಿ ದೇಶದಾದ್ಯಂತ ಹಂಚಿದ ಬಲ್ಬುಗಳೇ 36 ಕೋಟಿ ದಾಟಿವೆ. ಇಂದು ಕ್ಯಾಂಪಿನ ಕಿರಾಣಿ ಅಂಗಡಿಯಲ್ಲೂ ಎಲ್‌ಇಡಿ ಸಿಗುತ್ತದೆ. ಹಾಗಿರುವಾಗ ನಮ್ಮ ಮಕ್ಕಳು ಓದುವ ವಿಶ್ವವಿದ್ಯಾಲಯದ, ಕಾಲೇಜಿನ, ಹಾಸ್ಟೆಲಿನ ಕಟ್ಟಡಗಳಲ್ಲಿ ಚೋಕ್ ಗುಂಯ್‌ಗುಡುವ ಹಳೆ ಟ್ಯೂಬ್‌ಲೈಟು ಒಂದೂ ಉಳಿಯಬಾರದು. ಎಲ್ಲೆಲ್ಲಿ ಉಳಿದಿವೆಯೋ ಅಲ್ಲೆಲ್ಲ ಬದಲಾಯಿಸಬೇಕು. ಬದಲಾಯಿಸಿದ್ದರಿಂದ ಉಳಿಯುವ ಹಣ ಅದೇ ಕ್ಯಾಂಪಸ್ಸಿನ ಗ್ರಂಥಾಲಯಕ್ಕೆ ಸೇರಬೇಕು. ಈ ಕರಪತ್ರದ ಬೇಡಿಕೆ ಇಷ್ಟೇ.

ಇದು ನಮ್ಮ ಪ್ರಶ್ನೆ ಯಾಕೆ?

ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಜಾಗ ನಮ್ಮ ಆರ್.ಎಚ್. ಕ್ಯಾಂಪು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ನೆಲ್ಲು ಬೆಳೆದು ಬದುಕು ಕಟ್ಟಿಕೊಂಡವರ ಮಕ್ಕಳು, ಮೊಮ್ಮಕ್ಕಳು ಇಂದು ಡಿಗ್ರಿ ಓದುತ್ತಿದ್ದಾರೆ. ಕ್ಯಾಂಪಿನಲ್ಲಾಗಲಿ ಸುತ್ತಲಿನ ಹಳ್ಳಿಗಳಲ್ಲಾಗಲಿ, ಎಷ್ಟೋ ಮನೆಗಳಿಗೆ ಇವರೇ ಮೊದಲ ಪದವೀಧರರು. ಹಿಂದೆ ಎಂ.ಎ., ಎಂ.ಎಸ್ಸಿ. ಎಂದರೆ ಕಲಬುರಗಿಯ ವಿಶ್ವವಿದ್ಯಾಲಯವನ್ನೇ ನೆಚ್ಚಬೇಕಿತ್ತು. ಈಗ ರಾಯಚೂರಿಗೇ ವಿಶ್ವವಿದ್ಯಾಲಯ ಬಂದಿದೆ, ಮಹರ್ಷಿ ವಾಲ್ಮೀಕಿಯ ಹೆಸರು ಹೊತ್ತಿದೆ. ಧಾರವಾಡದಿಂದ ಬೇರ್ಪಟ್ಟು 2008ರಲ್ಲಿ ಹುಟ್ಟಿದ ಕೃಷಿ ವಿಶ್ವವಿದ್ಯಾಲಯವೂ ಜಿಲ್ಲೆಯಲ್ಲಿದೆ. ಇವು ಸಾರ್ವಜನಿಕ ಸಂಸ್ಥೆಗಳು. ಇವುಗಳ ಕರೆಂಟ್ ಬಿಲ್ಲು ತೆರಿಗೆಯಿಂದ ಮತ್ತು ಮಕ್ಕಳ ಫೀಸಿನಿಂದ ಕಟ್ಟುವ ಬಿಲ್ಲು. ಮನೆಗಳಿಗೆ ಉಚಿತ ಕರೆಂಟು ಕೊಡುವ ‘ಗೃಹಜ್ಯೋತಿ’ ಯೋಜನೆ ಕಾಲೇಜಿಗೆ ಅನ್ವಯಿಸುವುದಿಲ್ಲ. ಅಲ್ಲಿ ಉರಿಯುವ ಪ್ರತಿ ಯೂನಿಟ್ಟಿಗೂ ವಿದ್ಯುತ್ ಕಂಪನಿ ಜೆಸ್ಕಾಂಗೆ ಹಣ ಕಟ್ಟಲೇಬೇಕು.

ಇನ್ನೊಂದು ಕಾರಣವೂ ಇದೆ. ಕರ್ನಾಟಕಕ್ಕೆ ಕರೆಂಟು ಕೊಡುವ ಜಿಲ್ಲೆ ನಮ್ಮದು. 1985ರಿಂದ ಉರಿಯುತ್ತಿರುವ ಶಕ್ತಿನಗರದ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್, ಯರಮರಸಿನದು 1,600 ಮೆಗಾವ್ಯಾಟ್. ಬೆಳಕು ರಾಜ್ಯಕ್ಕೆಲ್ಲ ಹೋಗುತ್ತದೆ. ಹೊಗೆ ಮತ್ತು ಹಾರುಬೂದಿ ಇಲ್ಲೇ ಉಳಿಯುತ್ತವೆ. ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು, ಆ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿಗೂ ಮೀರಿ ಬೂದಿಯೇ ಇರುತ್ತದೆ. ಕರೆಂಟು ವ್ಯರ್ಥ ಮಾಡುವುದರ ಬೆಲೆಯನ್ನು ಬಿಲ್ಲಿನಲ್ಲಷ್ಟೇ ಅಲ್ಲ, ಉಸಿರಿನಲ್ಲೂ ಕೊಡುವವರು ನಾವು.

ಒಂದು ಕೊಠಡಿಯ ಲೆಕ್ಕ

ಹಳೆ ಟ್ಯೂಬಿನೊಳಗೆ ಪಾದರಸದ ಆವಿ ಇರುತ್ತದೆ. ಕರೆಂಟು ಅದರಲ್ಲಿ ಹರಿದಾಗ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹುಟ್ಟುತ್ತದೆ, ಗಾಜಿನ ಒಳಗಿನ ಬಿಳಿ ಲೇಪ ಅದನ್ನು ಬೆಳಕಾಗಿ ಮಾರ್ಪಡಿಸುತ್ತದೆ. ಈ ಸುತ್ತುದಾರಿಯಲ್ಲಿ ಶಕ್ತಿಯ ದೊಡ್ಡ ಪಾಲು ಬಿಸಿಯಾಗಿ ಹೋಗುತ್ತದೆ. ಟ್ಯೂಬಿಗೆ 40 ವ್ಯಾಟಾದರೆ ಚೋಕ್ ತಾನೇ ಇನ್ನೊಂದು ಹತ್ತು ವ್ಯಾಟು ತಿನ್ನುತ್ತದೆ. ಒಟ್ಟು 50. ಎಲ್‌ಇಡಿಯಲ್ಲಿ ಅರೆವಾಹಕದ ಸಣ್ಣ ಚಿಪ್ಪೇ ನೇರವಾಗಿ ಬೆಳಕು ಕೊಡುತ್ತದೆ. ಬಿಳಿ ಬೆಳಕಿನ ಎಲ್‌ಇಡಿಗೆ ದಾರಿ ಮಾಡಿದ ನೀಲಿ ಎಲ್‌ಇಡಿಯನ್ನು ಕಂಡುಹಿಡಿದ ಅಕಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ಹಳೆ ಟ್ಯೂಬು ನಾಲ್ಕೂ ದಿಕ್ಕಿಗೆ ಬೆಳಕು ಚೆಲ್ಲುತ್ತದೆ. 20 ವ್ಯಾಟಿನ ಎಲ್‌ಇಡಿ ಪಟ್ಟಿ ಅದನ್ನು ಕೆಳಗೆ, ಪುಸ್ತಕದ ಮೇಲೆ ಬೀಳಿಸುತ್ತದೆ.

ಒಂದು ತರಗತಿಯಲ್ಲಿ ಆರು ಟ್ಯೂಬು, ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ಎಂದು ಹಿಡಿಯೋಣ. ಟ್ಯೂಬಿಗೆ 30 ವ್ಯಾಟಿನಂತೆ ವರ್ಷಕ್ಕೆ 216 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ 1,728 ರೂಪಾಯಿ. ಆರು ಎಲ್‌ಇಡಿ ಪಟ್ಟಿಗೆ ತಲಾ 300 ರೂಪಾಯಿ ಕೊಟ್ಟರೆ 1,800 ರೂಪಾಯಿ. ಹಾಕಿದ ಹಣ ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಪೂರ್ತಿ ವಾಪಸ್ಸು. ಕಲ್ಲಿದ್ದಲಿನ ಲೆಕ್ಕದಲ್ಲಿ ಒಂದು ಕೊಠಡಿಗೆ ವರ್ಷಕ್ಕೆ 150 ಕಿಲೋ ಉಳಿಯಿತು.

ಈಗ ಹಾಸ್ಟೆಲಿನ ವರಾಂಡ ನೋಡಿ. ಅಲ್ಲಿನ ಟ್ಯೂಬು ರಾತ್ರಿಯಿಡೀ, ವರ್ಷವಿಡೀ ಉರಿಯುತ್ತದೆ. ಒಂದೇ ಟ್ಯೂಬು ಬದಲಾಯಿಸಿದರೆ ವರ್ಷಕ್ಕೆ ಸುಮಾರು 130 ಯೂನಿಟ್ ಉಳಿತಾಯ. ಆವರಣದ ಕಂಬದ ಮೇಲಿನ 250 ವ್ಯಾಟಿನ ಸೋಡಿಯಂ ದೀಪ ಚೋಕ್ ಸೇರಿ 280 ವ್ಯಾಟು ಎಳೆಯುತ್ತದೆ. ಅಲ್ಲಿ 120 ವ್ಯಾಟಿನ ಎಲ್‌ಇಡಿ ಹಾಕಿದರೆ ಕಂಬವೊಂದಕ್ಕೆ ವರ್ಷಕ್ಕೆ 700 ಯೂನಿಟ್ ಉಳಿಯುತ್ತದೆ. ಹಾಗಾಗಿ ಪ್ರಾಂಶುಪಾಲರ ಕೊಠಡಿಯಿಂದಲೋ ಸಭಾಂಗಣದಿಂದಲೋ ಶುರು ಮಾಡಬೇಡಿ. ದೀಪದ ಸಂಖ್ಯೆಗಿಂತ ಅದು ಉರಿಯುವ ಗಂಟೆ ಮುಖ್ಯ. ಮೊದಲು ಕಂಬ, ವರಾಂಡ, ಹಾಸ್ಟೆಲ್, ಆಮೇಲೆ ಗ್ರಂಥಾಲಯ, ಪ್ರಯೋಗಾಲಯ, ನಂತರ ತರಗತಿ, ಕೊನೆಗೆ ಉಗ್ರಾಣ.

‘ಕೆಡುವ ತನಕ ಉರಿಯಲಿ’ ಎನ್ನುವವರಿಗೆ

ಚೆನ್ನಾಗಿರುವ ಟ್ಯೂಬನ್ನು ಯಾಕೆ ತೆಗೆಯಬೇಕು ಎಂದು ಕೇಳುವವರ ಕಾಳಜಿ ಮಿತವ್ಯಯದ್ದೇ, ಅದನ್ನು ಗೌರವಿಸುತ್ತೇವೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ನೀರು ಸೋರುತ್ತಿದ್ದರೆ, ಹೇಗೂ ಹರಿಯುತ್ತಿದೆಯಲ್ಲ ಎಂದು ಕೊನೆಭಾಗದ ರೈತ ಸುಮ್ಮನಿರುತ್ತಾನೆಯೇ? ಹಳೆ ದೀಪ ಉರಿಯುತ್ತಿದೆ ಎನ್ನುವುದು ಉಳಿತಾಯವಲ್ಲ, ಅದು ಗಂಟೆಗಂಟೆಗೂ ಆಗುತ್ತಿರುವ ಸೋರಿಕೆ. ಮೇಲಾಗಿ ಆ ಟ್ಯೂಬಿನ ಕಾಲ ಮುಗಿಯುತ್ತ ಬಂದಿದೆ. ಪಾದರಸದ ಕುರಿತ ಮಿನಾಮಾಟ ಒಪ್ಪಂದಕ್ಕೆ ಭಾರತವೂ ಸಹಿ ಹಾಕಿದೆ. ಆ ಒಪ್ಪಂದದ ರಾಷ್ಟ್ರಗಳು 2023ರ ಸಭೆಯಲ್ಲಿ ಪಾದರಸದ ಟ್ಯೂಬ್‌ಲೈಟುಗಳ ತಯಾರಿಕೆ ಮತ್ತು ಆಮದು-ರಫ್ತನ್ನು 2027ರ ಹೊತ್ತಿಗೆ ಕೊನೆಗಾಣಿಸಲು ನಿರ್ಧರಿಸಿವೆ.

ಸೋಲಾರ್ ಹಾಕಿಸಿದರೆ ಸಾಲದೇ ಎನ್ನುವವರೂ ಇದ್ದಾರೆ. ಸೋಲಾರ್ ಬರಲಿ, ನಮ್ಮ ಬಿಸಿಲಿಗೇನು ಕೊರತೆ? ಆದರೆ ಬೇಡಿಕೆ ತಗ್ಗಿಸದೆ ಸೋಲಾರ್ ಹಾಕಿದರೆ ಬೇಕಾದದ್ದಕ್ಕಿಂತ ದೊಡ್ಡ ಘಟಕಕ್ಕೆ ಹಣ ಸುರಿದಂತಾಗುತ್ತದೆ. ಮೊದಲು ಎಲ್‌ಇಡಿ, ಜೊತೆಗೆ 75 ವ್ಯಾಟಿನ ಫ್ಯಾನಿಗೆ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್, ಆಮೇಲೆ ಸೋಲಾರ್.

ಅಗ್ಗದ ಟೆಂಡರಿಗೆ ಬಲಿಯಾಗಬೇಡಿ

ಎಲ್‌ಇಡಿಯ ಹೆಸರು ಕೆಟ್ಟಿರುವುದು ಕಳಪೆ ಮಾಲಿನಿಂದ. ಚಿಪ್ಪಿಗಿಂತ ಮೊದಲು ಕೆಡುವುದು ಅದಕ್ಕೆ ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್. ನಮ್ಮ ಭಾಗದಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ನಿಂತಾಗ ಏರುತ್ತದೆ. ಮಳೆಗಾಲದ ಸಿಡಿಲು ಬೇರೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೆಕೆ ಬೇರೆ. ಆದ್ದರಿಂದ ಟೆಂಡರಿನಲ್ಲಿ ಬೆಲೆಯೊಂದನ್ನೇ ನೋಡದೆ ಇವನ್ನು ಕಡ್ಡಾಯ ಮಾಡಬೇಕು: ಬಿಐಎಸ್ ಗುರುತು, ಬಿಇಇ ನಕ್ಷತ್ರ ಪಟ್ಟಿ, ವೋಲ್ಟೇಜ್ ಏರಿಳಿತ ಮತ್ತು ಸಿಡಿಲಿನ ಹೊಡೆತ ತಾಳುವ ರಕ್ಷಣೆ, 0.9ಕ್ಕೆ ಕಡಿಮೆಯಿಲ್ಲದ ಪವರ್ ಫ್ಯಾಕ್ಟರ್, ಕನಿಷ್ಠ ಮೂರು ವರ್ಷದ ಬರಹದ ಗ್ಯಾರಂಟಿ.

ನೆಲ್ಲಿನ ಗದ್ದೆಗಳ ನಡುವೆ ಬದುಕುವ ನಮಗೆ ಇನ್ನೊಂದು ಮಾತು ಗೊತ್ತು: ದೀಪ ಹಚ್ಚಿದರೆ ಹುಳ ಮುತ್ತುತ್ತವೆ. ಕಂದು ಜಿಗಿಹುಳ ಬೆಳಕಿಗೆ ಹಾರಿ ಬರುವುದನ್ನು ಪ್ರತಿ ರೈತನೂ ಕಂಡಿದ್ದಾನೆ. ನೀಲಿ ಛಾಯೆಯ ಬಿಳಿ ಬೆಳಕು ಹುಳಗಳನ್ನು ಹೆಚ್ಚು ಸೆಳೆಯುತ್ತದೆ, ಹಳದಿ ಛಾಯೆಯದು ಕಡಿಮೆ. ಆದ್ದರಿಂದ ಹೊರಗಿನ ಕಂಬಕ್ಕೆ, ಹಾಸ್ಟೆಲ್ ಬಾಗಿಲಿಗೆ, ಊಟದ ಹಾಲಿನ ಹೊರಗೆ 3,000 ಕೆಲ್ವಿನ್‌ನ ಹಳದಿ ಛಾಯೆಯ, ಕೆಳಮುಖದ ದೀಪವೇ ಇರಲಿ. ಓದುವ ಮೇಜಿಗೆ ಬಿಳಿ ಬೆಳಕು, 300 ಲಕ್ಸ್‌ಗೆ ಕಡಿಮೆಯಾಗದಂತೆ. ಉಳಿತಾಯದ ನೆಪದಲ್ಲಿ ಓದುವ ಬೆಳಕನ್ನು ಕಡಿಮೆ ಮಾಡುವುದನ್ನು ನಾವು ಒಪ್ಪುವುದಿಲ್ಲ.

ಹಣ ಎಲ್ಲಿಂದ?

ದಾರಿಗಳಿವೆ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬರುವ ಅನುದಾನದಲ್ಲಿ ಶಿಕ್ಷಣಕ್ಕೆ ಪಾಲಿದೆ. ಹೊಸ ಕಟ್ಟಡದ ಜೊತೆಗೆ ಇರುವ ಕಟ್ಟಡದ ಬೆಳಕಿಗೂ ಅದರಲ್ಲಿ ಜಾಗ ಮಾಡಬೇಕು. ಇನ್ನೊಂದು ದಾರಿ, ಉಜಾಲಾ ನಡೆಸಿದ ಕೇಂದ್ರ ಸಾರ್ವಜನಿಕ ಸಂಸ್ಥೆ ಇಇಎಸ್‌ಎಲ್ ಸರ್ಕಾರಿ ಕಟ್ಟಡಗಳಲ್ಲಿ ಅನುಸರಿಸಿರುವ ಕ್ರಮ: ಸಂಸ್ಥೆಯೇ ದೀಪ ಹಾಕುತ್ತದೆ, ಉಳಿದ ಬಿಲ್ಲಿನ ಹಣದಿಂದ ಕಂತು ತೀರುತ್ತದೆ. ಭಾರತೀಯ ರೈಲ್ವೆ ತನ್ನ ನಿಲ್ದಾಣಗಳನ್ನೆಲ್ಲ 2018ರಲ್ಲೇ ಎಲ್‌ಇಡಿಗೆ ತಂದಿತು. ಸಾವಿರಾರು ನಿಲ್ದಾಣಗಳಿಗೆ ಆದದ್ದು ಕೆಲವೇ ಕಟ್ಟಡಗಳ ಕ್ಯಾಂಪಸ್ಸಿಗೆ ಆಗದೇ?

ನಮ್ಮ ಬೇಡಿಕೆಗಳು

1. ಪ್ರತಿ ಕ್ಯಾಂಪಸ್ಸಿನಲ್ಲಿ ದೀಪಗಳ ಎಣಿಕೆ ನಡೆಯಲಿ: ಯಾವ ಬಗೆ, ಎಷ್ಟು ವ್ಯಾಟು, ದಿನಕ್ಕೆ ಎಷ್ಟು ಗಂಟೆ. ಎನ್‌ಎಸ್‌ಎಸ್ ವಿದ್ಯಾರ್ಥಿಗಳೇ ಇದನ್ನು ಮಾಡಬಲ್ಲರು. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ.

2. ಹೆಚ್ಚು ಗಂಟೆ ಉರಿಯುವ ದೀಪದಿಂದ ಶುರುಮಾಡಿ ಒಂದು ಶೈಕ್ಷಣಿಕ ವರ್ಷದೊಳಗೆ ಬದಲಾವಣೆ ಮುಗಿಯಲಿ.

3. ತೆಗೆದ ಟ್ಯೂಬುಗಳನ್ನು ಒಡೆಯಬೇಡಿ, ತಿಪ್ಪೆಗೆ ಎಸೆಯಬೇಡಿ, ಗುಜರಿಗೆ ಮಾರಬೇಡಿ. ಒಳಗೆ ಪಾದರಸವಿದೆ. 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಒಪ್ಪಿಸಿ.

4. ಬದಲಾವಣೆಗೆ ಮುಂಚಿನ ಮತ್ತು ನಂತರದ ಬಿಲ್ಲುಗಳನ್ನು ತಿಂಗಳಿಗೆ ತಿಂಗಳು ಹೋಲಿಸಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ.

5. ಉಳಿದ ಹಣವನ್ನು ಬೇರೆ ಖರ್ಚಿಗೆ ತಿರುಗಿಸದೆ ಗ್ರಂಥಾಲಯಕ್ಕೆ ಮೀಸಲಿಡಿ. ವಾಚನಾಲಯ ರಾತ್ರಿ 9ರವರೆಗೆ ತೆರೆದಿರಲಿ.

ಐದನೆಯದೇ ನಮಗೆ ಎಲ್ಲಕ್ಕಿಂತ ದೊಡ್ಡದು. ಒಂದೇ ಕೋಣೆಯ ಮನೆಯಲ್ಲಿ, ಟಿವಿಯ ಸದ್ದಿನ ನಡುವೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಗೆ ಬೇಕಿರುವುದು ಒಂದು ಕುರ್ಚಿ, ಒಂದು ಮೇಜು, ಸಂಜೆ ಮೂರು ಗಂಟೆ ಕಾಲ ಒಳ್ಳೆಯ ಬೆಳಕು. ಅದಕ್ಕೆ ಬೇಕಾದ ಹಣದ ಒಂದು ಪಾಲು ಈಗಾಗಲೇ ಬಿಲ್ಲಿನಲ್ಲಿ ಸೋರಿಹೋಗುತ್ತಿದೆ.

ಪೋಷಕರೇ, ಮುಂದಿನ ಪೋಷಕರ ಸಭೆಯಲ್ಲಿ ಈ ಪ್ರಶ್ನೆ ಎತ್ತಿ. ವಿದ್ಯಾರ್ಥಿಗಳೇ, ನಿಮ್ಮ ಕೊಠಡಿಯಿಂದಲೇ ಎಣಿಕೆ ಶುರುಮಾಡಿ. ಅಧ್ಯಾಪಕರೇ, ಆ ಲೆಕ್ಕವನ್ನು ತಿದ್ದಿ ಗಟ್ಟಿ ಮಾಡಿಕೊಡಿ. ಶಾಸಕರೇ, ಕಾಲೇಜು ಅಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲೇ ಇದನ್ನು ಚರ್ಚೆಗೆ ತಂದು ಠರಾವು ಮಾಡಿಸಿ. ಈ ಕರಪತ್ರವನ್ನು ಓದಿ ಮಡಚಿಡದೆ ಇನ್ನೊಬ್ಬರ ಕೈಗೆ ಕೊಡಿ.

ಇಂತಿ,
ಆರ್.ಎಚ್. ಕ್ಯಾಂಪ್ ಮತ್ತು ಸುತ್ತಲಿನ ಊರುಗಳ ಪೋಷಕರು, ವಿದ್ಯಾರ್ಥಿಗಳು